ಬಾಗಿಲು ತೆರೆದಿಟ್ಟ ದಿನ

ಬೀಗದಣ್ಣನ ಮನೆತನದ ದೇವರಿಗೆ ವರ್ಷಕ್ಕೊಂದು ದಿನ ಬೀಗ ಕಂಡರಾಗುತ್ತಿರಲಿಲ್ಲ. ಅಂದು ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಮನೆಯ ಬಾಗಿಲು, ಕಿಟಕಿ, ಬೀರು, ಪೆಟ್ಟಿಗೆ ಎಲ್ಲವೂ ತೆರೆದೇ ಇರಬೇಕು. ಮನೆಯವರೆಲ್ಲ ಕೆಲಸ ಬಿಟ್ಟು ಮನೆಯಲ್ಲೇ ಇರಬೇಕು. ಬೀಗ ರಿಪೇರಿ ಮಾಡಿ, ಕೀಲಿಕೈ ಮಾಡಿಕೊಟ್ಟು ಹೊಟ್ಟೆ ಹೊರೆಯುವವನಿಗೆ ಇಂಥ ದೇವರು ಗಂಟುಬಿದ್ದದ್ದು ಬೀದಿಯವರಿಗೆಲ್ಲ ತಮಾಷೆಯ ಸಂಗತಿ. "ಏನಣ್ಣ, ನಿಮ್ಮ ದೇವರಿಗೂ ನೀನು ರಿಪೇರಿ ಮಾಡಿದ ಬೀಗದ ಮೇಲೆ ನಂಬಿಕೆ ಇಲ್ವಾ?" ಎಂದು ಎದುರಂಗಡಿಯ ಕ್ಷೌರಿಕ ಪ್ರತಿವರ್ಷ ಕೇಳುತ್ತಿದ್ದ. ಬೀಗದಣ್ಣ ಪ್ರತಿವರ್ಷ ನಗುತ್ತಿದ್ದ. ನಗದಿದ್ದರೆ ಇದಕ್ಕಿಂತ ಕೆಟ್ಟ ಜೋಕನ್ನು ಹುಡುಕಿಯಾನು ಎಂಬ ಭಯ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ಹಾಗೆ ಇವರದೊಂದು ದಾರಿ. ಆ ದಾರಿಯಲ್ಲಿ ನಡೆಯುವವರು ಮೊದಲೂ ಹೆಚ್ಚಿರಲಿಲ್ಲ. ಕೆಲವರು ತೀರಿಕೊಂಡರು, ಕೆಲವರು ಬೇರೆಡೆ ಹೋದರು, ಇನ್ನು ಕೆಲವರು ಇದ್ದಲ್ಲೇ ಇದ್ದುಕೊಂಡು ಬಿಟ್ಟುಬಿಟ್ಟರು. ಈಗ ಈ ಊರಿನಲ್ಲಿ ಉಳಿದದ್ದು ಬೀಗದಣ್ಣನ ಮನೆಯೊಂದೇ.

ಆ ದಿನದಲ್ಲಿ ಮುಖ್ಯವಾದದ್ದು ಸಂಜೆಯ ಕರೆ. ಹೊತ್ತು ಮುಳುಗಿ, ದೀಪ ಹಚ್ಚುವ ಮುನ್ನ ಒಂದಿಷ್ಟು ಮಬ್ಬು ಬೆಳಕು ಇರುತ್ತದಲ್ಲ, ಆಗ ಮನೆಯವರ ಹೆಸರುಗಳನ್ನು ಒಬ್ಬೊಬ್ಬರದಾಗಿ ಕೂಗಬೇಕು. ಇದ್ದವರು "ಇದ್ದೀನಿ" ಎನ್ನಬೇಕು. ಹೋದವರ ಪರವಾಗಿ, ದೂರ ಇದ್ದವರ ಪರವಾಗಿ ಮನೆಯಲ್ಲಿದ್ದವರು "ಇದ್ದಾರೆ" ಎಂದರೆ ಸಾಕು. ಆದರೆ ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವ ಹಾಗಿಲ್ಲ. ಇನ್ನೊಬ್ಬರು ಕರೆಯಬೇಕು. ಕರೆದವರಿಗೆ "ಇದ್ದೀನಿ" ಎಂದವರನ್ನು ದೇವರು ಆ ವರ್ಷ ಲೆಕ್ಕಕ್ಕೆ ಹಿಡಿಯುತ್ತಾನೆ. ದೀಪ ಹಚ್ಚಿದರೆ ಮುಗಿಯಿತು, ಆಮೇಲೆ ಗಂಟಲು ಹರಿಯುವಂತೆ ಕೂಗಿದರೂ ಅದು ಬರೀ ಕೂಗು.

ಮನೆ ತುಂಬ ಜನ ಇದ್ದಾಗ ಇದು ದೊಡ್ಡ ಗಲಾಟೆಯ ಹೊತ್ತು. ಅಮ್ಮ ಕೂಗುತ್ತಿದ್ದಳು, ಅಮ್ಮನನ್ನು ಹೆಂಡತಿ ಕೂಗುತ್ತಿದ್ದಳು. ಅತ್ತೆಯ ಹೆಸರು ಹಿಡಿದು ಕರೆಯಲು ಅವಳಿಗೆ ವರ್ಷಕ್ಕೆ ಅದೊಂದೇ ಅವಕಾಶ, ಅದನ್ನು ಅವಳು ಸಣ್ಣ ದನಿಯಲ್ಲಿ ಕಳೆದುಕೊಳ್ಳುತ್ತಿರಲಿಲ್ಲ. ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಯಿತು. ಈ ಚಳಿಯಲ್ಲಿ ಅಮ್ಮನೂ ಹೋದಳು. ಇನ್ನು ಅಪ್ಪ ಮಗಳು ಇಬ್ಬರೇ. ಅಪ್ಪನನ್ನು ಮಗಳು ಕರೆಯಬೇಕು, ಮಗಳನ್ನು ಅಪ್ಪ ಕರೆಯಬೇಕು. ಇಬ್ಬರಲ್ಲಿ ಒಬ್ಬರು ಕಡಿಮೆಯಾದರೂ ಲೆಕ್ಕ ಕೂಡುವುದಿಲ್ಲ.

ಮಗಳು ಪುಟ್ಟಿ ಸರಕಾರಿ ಶಾಲೆಗೆ ಸೇರಿದ ವರ್ಷ ಆ ಒಂದು ದಿನದ ರಜೆಗಾಗಿ ಬೀಗದಣ್ಣ ಪಟ್ಟ ಪಾಡು ಬೀದಿಗೆಲ್ಲ ಗೊತ್ತು. ಅಂದಿನ ಹೆಡ್‌ಮೇಷ್ಟ್ರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿ, "ಇಲ್ಲಿ ಕೆಂಪಕ್ಷರ ಇಲ್ವಲ್ರೀ, ಇದ್ಯಾವ ಹಬ್ಬ?" ಎಂದಿದ್ದರು. ಶಿಕ್ಷಣ ಕಚೇರಿಗೆ ಹೋದರೆ ಸಾಹೇಬರು ಆಗಲಿ ಎಂದರು, ಗುಮಾಸ್ತ ಆಗಲ್ಲ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅಂಗಡಿ ಮುಚ್ಚಿ, ಚಪ್ಪಲಿ ಸವೆಸಿ, ಮೂರು ವರ್ಷ ಓಡಾಡಿದ ಮೇಲೆ ಆದೇಶ ಬಂತು: ಮೊದಲೇ ಬರೆದುಕೊಟ್ಟರೆ ಧಾರ್ಮಿಕ ಆಚರಣೆಯ ರಜೆಯನ್ನು ಗೈರುಹಾಜರಿ ಎಂದು ಎಣಿಸುವಂತಿಲ್ಲ. ಬೀಗದಣ್ಣ ಜೀವನದಲ್ಲಿ ಗೆದ್ದ ಯುದ್ಧ ಅದೊಂದೇ. ಅಮ್ಮ ಅವತ್ತು ಮಗನ ಮುಖ ಸವರಿ ನೆಟಿಗೆ ಮುರಿದಿದ್ದಳು.

ಈ ವರ್ಷವೂ ಅವನು ವಾರ ಮುಂಚೆಯೇ ಅರ್ಜಿ ಹಿಡಿದು ಶಾಲೆಗೆ ಹೋದ. ಹೊಸ ಹೆಡ್ ಮೇಡಂ ಒಳ್ಳೆಯ ಹೆಂಗಸು. ಕುರ್ಚಿ ತೋರಿಸಿ, "ಇದು ನಿಮ್ಮ ಹಕ್ಕು, ಕೇಳೋದೇ ಬೇಡ" ಎಂದು ಅಲ್ಲೇ ಸಹಿ ಹಾಕಿ, ಹಾಜರಿ ಪುಸ್ತಕದಲ್ಲಿ ಆ ದಿನಕ್ಕೆ ಗುರುತೂ ಹಾಕಿಸಿದರು. ಇಷ್ಟು ಸಲೀಸಾದದ್ದಕ್ಕೆ ಅವನಿಗೆ ಕೊಂಚ ನಿರಾಶೆಯೇ ಆಯಿತು. ಜಗಳಕ್ಕೆಂದು ಸಿದ್ಧ ಮಾಡಿಕೊಂಡು ಬಂದ ಮಾತೆಲ್ಲ ಬಾಯಲ್ಲೇ ಉಳಿಯಿತು.

ಹೊರಗೆ ಬಂದರೆ ಪಿ.ಟಿ. ಮೇಷ್ಟ್ರು ಸೀಟಿಯ ದಾರ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದರು.

"ನೀವು ಪುಟ್ಟಿ ತಂದೆ ಅಲ್ವಾ? ನಿಮ್ಮ ಧರ್ಮದ ವಿಷಯ, ನಾನೇನೂ ಹೇಳೋ ಹಾಗಿಲ್ಲ. ಆದ್ರೆ ಅವತ್ತೇ ಶಾಲೆಗಳ ನಡುವಿನ ರಿಲೇ ಓಟ ಇದೆ. ಕೊನೇ ಸುತ್ತು ಅವಳದ್ದು. ಅವಳಿಲ್ದೆ ಇದ್ರೆ ತಂಡಾನೇ ಇಲ್ಲ."

"ನನಗೆ ಹೇಳಲೇ ಇಲ್ಲ ಅವಳು."

"ನಮಗೆ ಹೇಳಿದ್ಲು. ಬರಲ್ಲ ಅಂತ. ಉಳಿದ ಮೂರು ಹುಡುಗೀರು ಎರಡು ದಿನದಿಂದ ಅವಳ ಹತ್ರ ಮಾತಾಡ್ತಿಲ್ಲ."

ಬೀಗದಣ್ಣ ಮೈದಾನದ ಕಡೆ ನೋಡಿದ. ಊಟದ ಬಿಡುವಿನಲ್ಲಿ ಮಕ್ಕಳೆಲ್ಲ ಗುಂಪು ಗುಂಪಾಗಿ ಕೂತಿದ್ದರು. ಪುಟ್ಟಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಒಬ್ಬಳೇ ಕೂತು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಅವಳು ಒಬ್ಬಳೇ ಊಟ ಮಾಡುವುದನ್ನು ಅವನು ಇದುವರೆಗೆ ನೋಡಿರಲಿಲ್ಲ. ನೋಡದೆ ಇದ್ದದ್ದು ಎಷ್ಟು ದಿನದ್ದೋ ಎಂದು ಕೇಳಿಕೊಳ್ಳಲೂ ಅವನಿಗೆ ಧೈರ್ಯ ಬರಲಿಲ್ಲ. ಅವಳಿಗೆ ಕಾಣದ ಹಾಗೆ ಗೋಡೆಯ ಬದಿಯಿಂದ ಗೇಟು ದಾಟಿದ.

ಸಂಜೆ ಕೇಳಿಯೇಬಿಟ್ಟ. "ಓಟದ ವಿಷಯ ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಹೇಳಿದ್ರೆ ನಿನಗೆ ಬೇಜಾರಾಗುತ್ತೆ. ಅಜ್ಜಿ ಬೇರೆ ಇಲ್ಲ ಈ ಸಲ."

"ಗೆಳತೀರು ಮಾತು ಬಿಟ್ಟಿದ್ದಾರಂತೆ."

"ಮೊದಲೂ ಅಷ್ಟೇನೂ ಮಾತಾಡ್ತಿರ್ಲಿಲ್ಲಪ್ಪ. ನನ್ನನ್ನ ರಜೆ ಹುಡುಗಿ ಅಂತಾರೆ. ಓಡೋದಕ್ಕೆ ಶುರು ಮಾಡಿದ ಮೇಲೆ ಜೊತೆಗೆ ಸೇರಿಸ್ಕೊಂಡಿದ್ರು." ಅವಳು ಪುಸ್ತಕದ ಪುಟ ತಿರುವಿದಳು. "ಪರವಾಗಿಲ್ಲ ಬಿಡು. ನನಗೆ ರೂಢಿ ಆಗಿದೆ."

ಅತ್ತಿದ್ದರೆ, ಹಟ ಹಿಡಿದಿದ್ದರೆ, ಬೀಗದಣ್ಣ ಗದರಿಸಿ ಗೆದ್ದುಬಿಡುತ್ತಿದ್ದ. ರೂಢಿ ಆಗಿದೆ ಎಂಬ ಮಾತಿಗೆ ಅವನ ಹತ್ತಿರ ಕೀಲಿಕೈ ಇರಲಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಒಂಟಿತನ ರೂಢಿಯಾಗುವುದೆಂದರೇನು? ತಾನು ಚಪ್ಪಲಿ ಸವೆಸಿ ತಂದುಕೊಟ್ಟದ್ದು ಇದನ್ನೇನಾ?

ಮರುದಿನ ಅವನು ಮತ್ತೆ ಹೆಡ್ ಮೇಡಂ ಮುಂದೆ ನಿಂತಿದ್ದ.

"ರಜೆ ಬೇಡ ಮೇಡಂ. ಹೊಡೆದು ಹಾಕಿಬಿಡಿ."

ಮೇಡಂ ಕನ್ನಡಕ ತೆಗೆದರು. "ಬೀಗದಣ್ಣ, ಯೋಚನೆ ಮಾಡಿದ್ದೀರಾ? ರಜೆ ಅಂತ ಗುರುತು ಹಾಕಿದ್ರೆ ಅವಳನ್ನ ಓಟಕ್ಕೆ ಕಳಿಸೋ ಹಾಗಿಲ್ಲ, ನಿಜ. ಆದ್ರೆ ನೀವಾಗೇ ಬೇಡ ಅಂದ್ರೆ ಬರೆದುಕೊಡಬೇಕಾಗುತ್ತೆ. ನಾಳೆ ನನ್ನ ಜಾಗಕ್ಕೆ ಇನ್ಯಾರೋ ಬರ್ತಾರೆ. 'ಹೋದ ವರ್ಷ ಓಟಕ್ಕೆ ಬಂದಿದ್ಲು, ಈ ವರ್ಷ ಮಾತ್ರ ದೇವರು ಅಡ್ಡ ಬರ್ತಾನಾ' ಅಂತ ಕೇಳಿದ್ರೆ ಏನು ಹೇಳ್ತೀರಿ?"

"ಏನೂ ಹೇಳೋಕಾಗಲ್ಲ."

"ಅಷ್ಟು ಕಷ್ಟಪಟ್ಟು ತಗೊಂಡಿದ್ದು."

"ಅವಳಿಗೋಸ್ಕರ ತಗೊಂಡಿದ್ದು ಅಂದ್ಕೊಂಡಿದ್ದೆ ಮೇಡಂ," ಎಂದ ಬೀಗದಣ್ಣ. ಕೊಟ್ಟ ಕಾಗದದಲ್ಲಿ ಸಹಿ ಹಾಕಿದ. ಅರ್ಜಿಗೆ ಹಾಕಿದ್ದ ಸಹಿಗಿಂತ ಇದು ಚಿಕ್ಕದಾಗಿ ಬಂತು.

ಆ ದಿನ ಬೆಳಗ್ಗೆ ಪುಟ್ಟಿ ಬೂಟಿನ ದಾರ ಎರಡೆರಡು ಗಂಟು ಹಾಕಿ ಎದ್ದುನಿಂತಳು. ಹೊರಡುವ ಖುಷಿಯನ್ನು ಅಪ್ಪನಿಗೆ ಕಾಣದಂತೆ ಬಚ್ಚಿಡಲು ಅವಳು ಪಡುತ್ತಿದ್ದ ಕಷ್ಟ ನೋಡಿ ಅವನಿಗೆ ನಗುವೂ ಬಂತು, ಸಂಕಟವೂ ಆಯಿತು.

"ಅಪ್ಪ, ಮೈದಾನ ದೂರ. ಬಸ್ಸು ಬರೋದು ಕತ್ತಲಾದ್ಮೇಲೇನೇ ಅಂತೆ. ನಿನ್ನ ಯಾರು ಕರೀತಾರೆ?"

"ಬಾಗಿಲು ತೆರೆದಿರುತ್ತಲ್ಲ. ಯಾರಾದ್ರೂ ಬರ್ತಾರೆ."

ಇದು ಅವನು ಕಟ್ಟಿದ ಮಾತಲ್ಲ, ಅಮ್ಮನ ಮಾತು. ಬಾಗಿಲು ಯಾಕೆ ತೆರೆದಿಡಬೇಕು ಎಂದು ಚಿಕ್ಕಂದಿನಲ್ಲಿ ಕೇಳಿದಾಗ ಅಮ್ಮ ಹೇಳಿದ್ದಳು: ಒಂಟಿಯಾಗಿ ಉಳಿದವರಿಗೋಸ್ಕರ ಕಣೋ. ಮನೆಯಲ್ಲಿ ಕರೆಯೋರು ಇಲ್ಲದೆ ಇದ್ದರೆ ದೇವರು ಬೀದಿಯಿಂದ ಯಾರನ್ನಾದರೂ ಕಳಿಸುತ್ತಾನೆ. ಹೆಸರು ಗೊತ್ತಿಲ್ಲದಿದ್ದರೂ ಸರಿ, ನಿನ್ನನ್ನೇ ಕೇಳಿಕೊಂಡು ಬಂದರೆ ಅದು ಕರೆಯೇ. ನೀನು ಇದ್ದೀನಿ ಅಂದರಾಯಿತು. ಮನೆ ತುಂಬಿದ್ದ ಕಾಲದಲ್ಲಿ ಇದು ಬರೀ ಕತೆ. ಈಗ ಅವನಿಗೆ ಉಳಿದಿರುವ ಆಸರೆ ಅದೊಂದೇ.

ಪುಟ್ಟಿ ಬೀದಿಯ ತಿರುವಿನಲ್ಲಿ ಮರೆಯಾದಳು. ಬೀಗದಣ್ಣ ಬಾಗಿಲಿಗೆ ಕಲ್ಲು ಒತ್ತಿಟ್ಟು, ಬೀರುವಿನ ಕದ ತೆಗೆದು, ಒಳಗೆ ಚಾಪೆ ಹಾಸಿ ಕೂತ. ಬೀರುವಿನಲ್ಲಿ ಅಮ್ಮನ ಸೀರೆಗಳು ಹಾಗೇ ಇದ್ದವು. ಯಾರಿಗಾದರೂ ಕೊಡಬೇಕೆಂದು ಎತ್ತಿಟ್ಟವು, ಕೊಡಲು ಮನಸ್ಸು ಬಾರದೆ ಉಳಿದವು.

ಮುಂದಿನ ಕೋಣೆಯೇ ಅಂಗಡಿ. ಬಾಗಿಲು ಹಾರುಹೊಡೆದಿದ್ದರೆ ಗಿರಾಕಿಗಳಿಗೆ ಅಂಗಡಿ ತೆರೆದಂತೆಯೇ ಕಾಣುತ್ತದೆ. ಹಿಂದೆಲ್ಲ ಹೊಸ್ತಿಲಲ್ಲಿ ಅಮ್ಮ ಕೂತು ಬಂದವರನ್ನು ಸಾಗಹಾಕುತ್ತಿದ್ದಳು. ಈಗ ಆ ಕೆಲಸವೂ ಇವನದೇ. ಬೆಳಗ್ಗೆಯೇ ಒಬ್ಬ ಸೈಕಲ್ಲಿನ ಬೀಗ ತಂದ. "ಇವತ್ತಿಲ್ಲ, ನಾಳೆ ಬನ್ನಿ." ಆಮೇಲೊಬ್ಬಳು ಬೀರುವಿನ ಕೀಲಿ ಕಳೆದುಕೊಂಡು ಬಂದಳು. "ಇವತ್ತಿಲ್ಲಮ್ಮ, ನಾಳೆ ಬನ್ನಿ." ಬಾಗಿಲು ತೆರೆದಿಟ್ಟು ಕೆಲಸ ಇಲ್ಲ ಅಂತೀರಲ್ಲ, ಇದ್ಯಾವ ನ್ಯಾಯ ಎಂದು ಒಬ್ಬ ಜಗಳಕ್ಕೇ ನಿಂತ. ವರ್ಷವಿಡೀ ನೊಣ ಹೊಡೆಯುವ ಅಂಗಡಿಗೆ ಅವತ್ತೇ ಊರಿನ ಬೀಗಗಳೆಲ್ಲ ಕೆಟ್ಟಿದ್ದವು. ಮಧ್ಯಾಹ್ನದ ಹೊತ್ತಿಗೆ ಬೀಗದಣ್ಣ ಎದ್ದು ಬರುವುದನ್ನೂ ಬಿಟ್ಟ. ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಒಳಗಿನಿಂದಲೇ, "ಇಲ್ಲ, ನಾಳೆ ಬನ್ನಿ."

ಸಂಜೆಯಾಯಿತು. ಗಿರಾಕಿಗಳು ನಿಂತರು. ಎದುರಂಗಡಿಯ ಕ್ಷೌರಿಕ ಇದ್ದಿದ್ದರೆ ಹಳೇ ಜೋಕನ್ನಾದರೂ ಕೇಳಲು ಬರುತ್ತಿದ್ದ, ಅವನೂ ಅವತ್ತು ಯಾರದೋ ಮದುವೆಗೆಂದು ಬೇಗ ಕದ ಹಾಕಿದ್ದ. ಗೋಡೆಯ ಮೇಲಿನ ಬಿಸಿಲು ಮೇಲಕ್ಕೇರಿ, ಸೂರಿಗೆ ತಾಗಿ, ಇಲ್ಲವಾಯಿತು. ಬೀಗದಣ್ಣ ಗಂಟಲು ಸರಿಮಾಡಿಕೊಂಡು ಅಮ್ಮನ ಹೆಸರು ಕೂಗಿದ. "ಇದ್ದಾಳೆ," ಎಂದು ತಾನೇ ಅಂದ. ಹೆಂಡತಿಯ ಹೆಸರು ಕೂಗಿದ. "ಇದ್ದಾಳೆ." ಪುಟ್ಟಿಯ ಹೆಸರನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಕೂಗಿದ. ಈಗ ಎಲ್ಲೋ ಓಡುತ್ತಿರಬಹುದು, ಅಥವಾ ಓಡಿ ಮುಗಿಸಿ ಆ ಮೂವರ ಹೆಗಲ ಮೇಲೆ ಕೈಹಾಕಿ ನಿಂತಿರಬಹುದು. "ಇದ್ದಾಳೆ," ಎಂದ.

ಇನ್ನು ಉಳಿದದ್ದು ಅವನ ಹೆಸರೊಂದೇ. ತಾನು ಕೂಗಬಹುದಾದ ಹೆಸರುಗಳೆಲ್ಲ ಮುಗಿದವು, ಮನೆ ಅದೆಷ್ಟು ದೊಡ್ಡದು ಎಂದು ಅವನಿಗೆ ಆಗ ಗೊತ್ತಾಯಿತು. ಅಮ್ಮ ಹೋದಮೇಲೆ ತನ್ನ ಹೆಸರು ಹಿಡಿದು ಕರೆದವರು ಯಾರಾದರೂ ಇದ್ದಾರೆಯೇ ಎಂದು ನೆನಪು ಮಾಡಿಕೊಂಡ. ಬೀದಿಗೆ ಅವನು ಬೀಗದಣ್ಣ, ಮಗಳಿಗೆ ಅಪ್ಪ. ಹೋದ ವರ್ಷ ಪುಟ್ಟಿ ಅವನ ಹೆಸರು ಕೂಗಲು ಹೋಗಿ ನಗು ತಡೆಯಲಾರದೆ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಜ್ಜಿ ಗದರಿದ ಮೇಲೆ ಮತ್ತೆ ಕೂಗಿದ್ದಳು. ಆ ದನಿ ಕಿವಿಯಲ್ಲಿ ಇನ್ನೂ ಇತ್ತು. ಅದನ್ನೇ ಕೇಳುತ್ತ, ಕಣ್ಣು ಮುಚ್ಚಿಕೊಂಡು, ಅವನು ಬಹಳ ದೂರ ಹೋಗಿಬಿಟ್ಟಿದ್ದ.

ಹೊಸ್ತಿಲಲ್ಲಿ ಹೆಜ್ಜೆ ಸಪ್ಪಳವಾಯಿತು.

"ಬೀಗದಣ್ಣ ಇದ್ದಾರಾ?" ಯಾರೋ ಮುದುಕನ ದನಿ.

"ಇಲ್ಲ, ನಾಳೆ ಬನ್ನಿ," ಎಂದ ಬೀಗದಣ್ಣ.

"ಓ, ಇಲ್ವಾ," ಎಂದಿತು ದನಿ. ಹೆಜ್ಜೆಗಳು ಮೆಟ್ಟಿಲಿಳಿದವು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನು ಏನು ಹೇಳಿದೆ ಎಂಬುದು ತಲೆಗೆ ಹೋಗಲು ಅವನಿಗೆ ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಎದ್ದು, ಚಾಪೆಗೆ ಕಾಲು ಸಿಕ್ಕಿಸಿಕೊಂಡು, ಬೀದಿಗೆ ಓಡಿದ. ಬರಿಗಾಲಲ್ಲಿ ಈ ತುದಿಗೆ ಹೋದ, ಆ ತುದಿಗೆ ಬಂದ. ಕೆಲಸ ಬಿಟ್ಟು ಮನೆಗೆ ಹೋಗುವವರು ಹೋಗುತ್ತಿದ್ದರು. ಅವರಲ್ಲಿ ಮುದುಕರು ಎಷ್ಟೋ ಮಂದಿ. ದನಿಯೊಂದನ್ನು ಬಿಟ್ಟರೆ ಅವನಿಗೆ ಗುರುತಿಗೆ ಏನೂ ಇರಲಿಲ್ಲ. ಒಬ್ಬಿಬ್ಬರ ಹಿಂದೆ ಹೋಗಿ, "ನೀವೇನಾ ಕರೆದಿದ್ದು?" ಎಂದು ಕೇಳಿದ. ಅವರು ಇಲ್ಲವೆಂದು ಪಕ್ಕಕ್ಕೆ ಸರಿದು ನಡೆದರು. ನೋಡನೋಡುತ್ತ ಬೀದಿದೀಪಗಳು ಹತ್ತಿಕೊಂಡವು. ಅವನು ಮನೆಗೆ ಬಂದು ತನ್ನ ದೀಪವನ್ನೂ ಹಚ್ಚಿದ.

ಪುಟ್ಟಿ ಬಂದದ್ದು ಕತ್ತಲಾದ ಮೇಲೆ. ಮೈತುಂಬ ಧೂಳು, ಮುಖತುಂಬ ನಗು. ಮೂರನೆಯ ಸ್ಥಾನ ಬಂತಂತೆ. ಕೋಲು ಕೈಗೆ ಬಂದಾಗ ತಂಡ ಎಲ್ಲರಿಗಿಂತ ಹಿಂದೆ ಇತ್ತಂತೆ, ಇವಳು ಇಬ್ಬರನ್ನು ಹಿಂದೆ ಹಾಕಿದಳಂತೆ. ಬಸ್ಸಿನಲ್ಲಿ ನಾಲ್ವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು ಬಂದರಂತೆ. ಬೀಗದಣ್ಣ ಒಂದೊಂದಕ್ಕೂ "ಹೌದಾ" ಎಂದ. ಅವಳು ಇಷ್ಟು ಮಾತಾಡಿ ಅವನು ಯಾವತ್ತೂ ಕೇಳಿರಲಿಲ್ಲ.

ಅರ್ಧದಲ್ಲಿ ಅವಳ ಕಣ್ಣು ದೀಪದ ಮೇಲೆ ಬಿತ್ತು. 

"ಅಪ್ಪ, ಕರೆ ಆಯ್ತಾ? ನಿನ್ನ ಯಾರಾದ್ರೂ ಕರೆದ್ರಾ?"

"ಕರೆದ್ರು. ಸರಿಯಾದ ಹೊತ್ತಿಗೇ ಒಬ್ಬರು ಬಂದ್ರು."

"ಯಾರು?"

"ಗೊತ್ತಿಲ್ಲ. ಬೀಗದಣ್ಣ ಇದ್ದಾರಾ ಅಂತ ಕೇಳ್ಕೊಂಡು ಬಂದ್ರು."

"ಅಜ್ಜಿ ಹೇಳಿದ್ದು ನಿಜಾನೇ ಹಂಗಾದ್ರೆ." ಅವಳ ಮುಖ ಮತ್ತೆ ಅರಳಿತು. "ನೀನೇನಂದೆ?"

ಬೀಗದಣ್ಣ ಬಗ್ಗಿ ಬಾಗಿಲಿಗೊತ್ತಿದ್ದ ಕಲ್ಲನ್ನು ಸರಿಸಿದ.

"ಇದ್ದೀನಿ ಅಂದೆ," ಎಂದ.

"ಸರಿ ಮತ್ತೆ," ಎಂದು ಪುಟ್ಟಿ ಕೂತು ಬೂಟಿನ ಗಂಟು ಬಿಚ್ಚತೊಡಗಿದಳು. ಅವನು ಬಾಗಿಲು ಹಾಕಿಕೊಂಡು, ಅವಳಿಗೆ ಊಟ ಬಿಸಿ ಮಾಡಲು ಒಳಗೆ ಹೋದ.