ಬೆಳಕು ತೋರಿಸಿದವರ ಸಭೆ

ಒಂದು ಹೊಳೆಯ ದಂಡೆಯಲ್ಲಿ ಒಂದು ಪಟ್ಟಣವಿತ್ತು. ಅದರ ಹೆಸರು ಹೇಳಿದರೆ ಅಲ್ಲಿನವರು ಸಿಟ್ಟಾಗುತ್ತಾರೆ, ಹೇಳದಿದ್ದರೆ ಬೇರೆ ಊರಿನವರು ಇದು ತಮ್ಮದೇ ಊರು ಎಂದುಕೊಳ್ಳುತ್ತಾರೆ. ಎರಡನೆಯದೇ ವಾಸಿ ಎಂದು ಹೆಸರನ್ನು ಬಿಟ್ಟಿದ್ದೇನೆ.

ಆ ಪಟ್ಟಣದಲ್ಲಿ ಹಳೆಯದೊಂದು ನಿಯಮವಿತ್ತು. ಯಾವುದೇ ವಸ್ತುವಿನ ಬಗ್ಗೆ ಸಭೆಯಲ್ಲಿ ಮಾತಾಡುವ ಹಕ್ಕು ಅದರ ಮಾಲೀಕರಿಗೆ ಮಾತ್ರ. ಎತ್ತು ಇಲ್ಲದವರೆಲ್ಲ ಎತ್ತಿನ ಬಗ್ಗೆ ಗಂಟಲು ಹರಿದುಕೊಂಡು ವಾದಿಸುವುದನ್ನು ಕೇಳಿ ಬೇಸತ್ತ ಹಿರಿಯರು ಮಾಡಿದ ನಿಯಮ ಅದು. ಎತ್ತಿನ ಬಗ್ಗೆ ಮಾತಾಡುವವನು ಎತ್ತನ್ನು ಸಭೆಯ ಬಾಗಿಲಿಗೆ ಹೊಡೆದುಕೊಂಡು ಬರಬೇಕು. ಗಾಡಿಯ ಬಗ್ಗೆ ಮಾತಾಡುವವನು ಗಾಡಿ ಹೂಡಿಕೊಂಡು ಬರಬೇಕು. ಎತ್ತು ಸತ್ತವನ ಹತ್ತಿರ ಎತ್ತು ಇರುವುದಿಲ್ಲವಾದ್ದರಿಂದ ಅವನು ಹೊರಗೆ ನಿಲ್ಲಬೇಕು. ಹೀಗಾಗಿ ಆ ಊರಿನ ಸಭೆಯಲ್ಲಿ ಸತ್ತ ಎತ್ತಿನ ಬಗ್ಗೆ ಆಗಲಿ, ಮುರಿದ ಗಾಡಿಯ ಬಗ್ಗೆ ಆಗಲಿ ಎಂದೂ ಒಂದು ದೂರು ಬಂದಿರಲಿಲ್ಲ. ಸುತ್ತಲಿನ ಊರುಗಳ ಎದುರು ಅವರು ಇದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು.

ಆ ಊರಿಗೆ ಹೊಸ ಫೋನು ಬಂತು. ನೋಡಲು ಬಲು ಚೆಂದ. ಬೆನ್ನಿಗೆ ಗಾಜು, ಅಂಚಿಗೆ ಲೋಹ, ಹಿಡಿದರೆ ಅಂಗೈಗೆ ಹೇಳಿ ಮಾಡಿಸಿದಂತಿತ್ತು. ಕೊಂಡವರು ಮೊದಲ ದಿನ ಅದನ್ನು ಸವರಿ ಸವರಿ ನೋಡಿದರು. ಮರುದಿನ ಅದಕ್ಕೊಂದು ದಪ್ಪ ರಬ್ಬರಿನ ಕವರು ಹಾಕಿದರು. ಅಲ್ಲಿಂದ ಮುಂದೆ ಕವರನ್ನು ಸವರುತ್ತ ಫೋನಿನ ನುಣುಪನ್ನು ಹೊಗಳಿದರು.

ಸ್ವಲ್ಪ ಕಾಲದಲ್ಲೇ ಆ ಫೋನುಗಳ ಬೆನ್ನು ಕಾಯತೊಡಗಿತು. ಹೆಚ್ಚು ಹೊತ್ತು ಬೆಳಗಿದ ಫೋನು ಬಿಸಿಯಾಗಿ, ಒಮ್ಮೆ ಕಣ್ಣು ಮಿಟುಕಿಸಿ, ಆರಿ ಹೋಗುತ್ತಿತ್ತು. ಆರಿದ್ದು ಮತ್ತೆ ಹತ್ತುತ್ತಿರಲಿಲ್ಲ. ಆದರೆ ಈ ಮಾತನ್ನು ಯಾರೂ ಆಡಲಿಲ್ಲ. ಕೇಳಿದರೆ, "ಮನಿಯಾಗ ಚಾರ್ಜಿಗೆ ಹಾಕೇನಿ," ಎನ್ನುತ್ತಿದ್ದರು. ಮನೆಯಲ್ಲಿ ಚಾರ್ಜಿಗೆ ಹಾಕಿದ ಫೋನುಗಳು ದಿನದಿಂದ ದಿನಕ್ಕೆ ಹೆಚ್ಚಾದವು. ಮೋಸ ಹೋದವನು ತಾನೊಬ್ಬನೇ ಎಂದು ಪ್ರತಿಯೊಬ್ಬನೂ ತಿಳಿದಿದ್ದ, ಹಾಗೆ ತಿಳಿದವನು ಬಾಯಿ ಬಿಡುವುದುಂಟೆ?

ಅದೇ ಊರಿನಲ್ಲಿ ತಂಗೆವ್ವ ಎಂಬ ಹೆಂಗಸು ಕುಬಸ ಹೊಲಿದುಕೊಂಡು ಬದುಕುತ್ತಿದ್ದಳು. ಅವಳ ಗಂಡ ಯಂಕಪ್ಪ ದೋಣಿ ನಡೆಸುತ್ತಿದ್ದ. ತಂಗೆವ್ವ ಏನೂ ಮಿಕ್ಕವರಿಗಿಂತ ಜಾಣೆಯಲ್ಲ. ಹಿಂದಿನ ಸಭೆಯಲ್ಲಿ ತಾನೇ ಎದ್ದು ನಿಂತು, ಈ ಫೋನು ತೆಗೆದ ಚಿತ್ರದಲ್ಲಿ ಹೊಲಿಗೆಯ ಎಳೆ ಎಳೆ ಕಾಣುತ್ತದೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದವಳು. ಗಂಡನಿಗೂ ಒಂದನ್ನು ಕೊಡಿಸಿದವಳು ಅವಳೇ.

ಆ ಹೊಳೆಯ ನಡುವೆ ಬಂಡೆಗಳಿದ್ದವು. ಚಳಿಗಾಲದ ಸಂಜೆ ಮಂಜು ಇಳಿದರೆ ಅಂಬಿಗನಿಗೆ ತನ್ನ ಹುಟ್ಟಿನ ತುದಿಯೂ ಕಾಣುತ್ತಿರಲಿಲ್ಲ. ಅದಕ್ಕೆಂದೇ ದಂಡೆಯ ಮೇಲೆ ಎರಡು ಕಲ್ಲುಕಂಬಗಳ ನಡುವೆ ಒಂದು ಕಂಚಿನ ಗಂಟೆ ಇತ್ತು. ದಂಡೆಯಲ್ಲಿದ್ದವರು ಬಾರಿಸುತ್ತಿದ್ದರು, ಅಂಬಿಗ ಸದ್ದಿಗೆ ಕಿವಿಗೊಟ್ಟು ಬಂಡೆ ತಪ್ಪಿಸಿ ಬರುತ್ತಿದ್ದ. ಈಗ ಊರಿನ ಯಜಮಾನರಿಗೆ ಒಂದು ವಿಚಾರ ಹೊಳೆದಿತ್ತು. ದಂಡೆ ಎಲ್ಲಿದೆ ಎಂದು ಫೋನೇ ತೋರಿಸುವಾಗ ಗಂಟೆ ಏಕೆ? ಅದನ್ನು ಇಳಿಸಿ, ಕರಗಿಸಿ, ಸಭಾಭವನದ ಬಾಗಿಲಿಗೆ ಹಿಡಿಕೆ ಮಾಡಿಸುವುದೆಂದು ಅವರು ಫೋನಿನ ಮಾಲೀಕರ ಸಭೆ ಕರೆದರು. ಒಪ್ಪಿಗೆ ಆಗುವುದರಲ್ಲಿ ಅವರಿಗೆ ಎಷ್ಟು ನಂಬಿಕೆ ಎಂದರೆ, ಮೇಸ್ತ್ರಿಯನ್ನೂ ಅವನ ಆಳುಗಳನ್ನೂ ಹಗ್ಗದ ಸಮೇತ ಆಗಲೇ ದಂಡೆಗೆ ಕಳಿಸಿದ್ದರು. ಹುಕುಂ ಫೋನಿನಲ್ಲೇ ಬರುವುದೆಂದು ಹೇಳಿದ್ದರು.

ಸಭೆಯ ಹಿಂದಿನ ಸಂಜೆ ಯಂಕಪ್ಪನ ಫೋನು ಹೊಳೆಯ ನಡುವೆ ಆರಿ ಹೋಗಿತ್ತು. ದೋಣಿ ತುಂಬ ಜನ, ಸುತ್ತ ಮಂಜು. ಗಂಟೆಯ ಸದ್ದು ಹಿಡಿದು ಹೇಗೋ ಮನೆ ಸೇರಿದವನು ಉಣ್ಣಲೂ ಇಲ್ಲ.

"ನಿಂದು ಇನ್ನೂ ಹತ್ತೇತಿ," ಎಂದು ಬೆಳಿಗ್ಗೆ ಅವನು ಹೆಂಡತಿಗೆ ಹೇಳಿದ. "ನೀನ ಹೋಗಿ ಹೇಳು. ಆರಿದ ಫೋನಿನವನ್ನ ಬಾಗಲದಾಗ ಸೈತ ನಿಂದರಸೂದಿಲ್ಲ ಅವರು. ಗಂಟಿ ಇಳಿಸಿದ್ರ ನಾ ಇವತ್ತ ಮಂಜಿನ್ಯಾಗ ಕಿವುಡ ಆದಂಗ ನೋಡ್."

"ನೀ ಇವತ್ತ ಹೋಗಬ್ಯಾಡಲ್ಲ," ಎಂದಳು ತಂಗೆವ್ವ.

"ಆಚೀ ದಂಡ್ಯಾಗ ಸಂತಿ ಐತಿ. ಜನ ಆಗಲೇ ಕುಂತಾರ."

ಅವನು ಹೋದ. ಮಧ್ಯಾಹ್ನ ಸಭೆಯ ಹೊತ್ತಿಗೆ ತಂಗೆವ್ವ ತನ್ನ ಫೋನನ್ನು ಕೈಗೆತ್ತಿಕೊಂಡಳು. ಅದರ ಬೆನ್ನು ಬಿಸಿಯಾಗಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪರದೆಯನ್ನು ಮುಟ್ಟದೆ, ಜ್ವರ ಬಂದ ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಸಭಾಭವನಕ್ಕೆ ನಡೆದಳು.

ಬಾಗಿಲಲ್ಲಿ ದ್ವಾರಪಾಲಕ ನಿಂತಿದ್ದ. ಅವನು ಕೆಟ್ಟವನಲ್ಲ, ನಿಯಮಕ್ಕೆ ನಿಷ್ಠ. "ಬೆಳಕ ತೋರಸ್ರಿ, ಒಳಗ ಬರ್ರಿ," ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದ. ತಂಗೆವ್ವ ತೋರಿಸಿದಳು. "ಒಳಗ ಕುಂತಿರೂ ತನಕಾ ಹತ್ತೇ ಇರಬೇಕವ್ವಾ. ಆರಿದ್ರ ಎದ್ದ ಹೋಗಬೇಕು," ಎಂದ.

"ಅಲ್ಲಿ ತನಕಾ ಹಚ್ಚೇ ಇಟ್ರ ಬಿಸಿ ಆಗೂದಿಲ್ಲೇನಣ್ಣಾ?"

"ನಿಯಮ ಐತೆವ್ವಾ," ಎಂದ ಅವನು.

ಅವಳ ಹಿಂದೆಯೇ ಒಬ್ಬ ಗೃಹಸ್ಥ ಬಂದ. ಅವನು ಫೋನನ್ನು ಕೊಂಡ ಡಬ್ಬಿಯಿಂದ ಅದುವರೆಗೆ ಹೊರಗೇ ತೆಗೆದಿರಲಿಲ್ಲ. ಬಾಗಿಲಲ್ಲಿ ಡಬ್ಬಿ ಬಿಚ್ಚಿ, ಮೊದಲ ಸಲ ಹಚ್ಚಿ, ಬೆಳಕು ತೋರಿಸಿದ. ಇಷ್ಟು ಜೋಪಾನ ಮಾಡಿದವನೆಂದು ಜನ ಅವನಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಟ್ಟರು.

ಸಭೆ ಶುರುವಾಯಿತು. ಒಬ್ಬ ಎದ್ದು ಮೂಲೆಗಳ ಗಟ್ಟಿತನವನ್ನು ಹೊಗಳಿದ. ಇನ್ನೊಬ್ಬ ವೇಗವನ್ನು ಹೊಗಳಿದ. ತಾನು ಯೋಚಿಸುವ ಮೊದಲೇ ಫೋನು ತೆರೆದುಕೊಳ್ಳುತ್ತದೆ ಎಂದ, ಅವನ ಯೋಚನೆಯ ವೇಗ ಗೊತ್ತಿದ್ದವರಿಗೆ ಅದರಲ್ಲೇನೂ ಆಶ್ಚರ್ಯ ಕಾಣಲಿಲ್ಲ. ಮತ್ತೊಬ್ಬ ಗೀರೇ ಬಿದ್ದಿಲ್ಲವೆಂದು ಕವರಿನ ಮೇಲೆ ತಟ್ಟಿ ತೋರಿಸಿದ. ಹೊಗಳಿಕೆ ಉದ್ದವಾಗುತ್ತಾ ಹೋಯಿತು. ಅದರ ಜೊತೆಗೇ ಸಾಲುಗಳಲ್ಲಿ ಜನ ಕೈ ಬದಲಿಸತೊಡಗಿದರು. ಬಲಗೈಯಿಂದ ಎಡಗೈಗೆ, ಎಡಗೈಯಿಂದ ತೊಡೆಗೆ. ಕೆಲವರು ಸದ್ದಾಗದಂತೆ ಊದಿಕೊಂಡರು. ಯಾರೂ ಪಕ್ಕದವನ ಮುಖ ನೋಡಲಿಲ್ಲ, ಎಲ್ಲರೂ ಪಕ್ಕದವನ ಫೋನು ನೋಡಿದರು.

ತಂಗೆವ್ವ ಕಿಟಕಿಯ ಕಡೆ ಕಣ್ಣಿಟ್ಟಿದ್ದಳು. ಹೊತ್ತು ಇಳಿಯುತ್ತಿತ್ತು. ಹೊಳೆಯ ಮೇಲೆ ಬಿಳಿಯದೇನೋ ಏಳುತ್ತಿತ್ತು. ಒದ್ದೆ ಬಟ್ಟೆ ಅವಳ ಕೈಯಲ್ಲೇ ಒಣಗಿ ಹೋಯಿತು. ಸರದಿ ಬರುವವರೆಗೆ ತಡೆಯಲಾರದೆ ಎದ್ದು ನಿಂತಳು.

"ಯಜಮಾನ್ರ, ಗಂಟಿ ಇಳಸಬ್ಯಾಡ್ರಿ. ಈ ಫೋನ್ ನಡಕ ಆರಿ ಹೋಗತೈತಿ. ನಿನ್ನಿ ನಮ್ಮ ಮನಿಯವ್ರದು ಹೊಳ್ಯಾಗ ಆರೇತಿ."

ಯಜಮಾನರು ಸಿಟ್ಟಾಗಲಿಲ್ಲ, ಅವರು ನಯದ ಮನುಷ್ಯ. "ತಂಗೀ, ನಿನ್ನ ಗಂಡಂದು ಅವನ ಬಂದು ಹೇಳಬೇಕು. ನೀ ನಿಂದು ಹೇಳು. ನಿನ್ನ ಫೋನ್ ಹೆಂಗೈತಿ?"

"ಕೈ ಸುಡಾಕತ್ತೇತ್ರಿ."

"ಹತ್ತೇತಿಲ್ಲೋ?"

"ಹತ್ತೇತ್ರಿ, ಆದ್ರ..."

"ಹತ್ತಿದ ಫೋನ್ ಕೈಯಾಗ ಹಿಡಕೊಂಡು ಆರತೈತಿ ಅಂತೀಯಲ್ಲವಾ," ಎಂದು ಯಜಮಾನರು ನಕ್ಕರು. ಸಭೆಯೂ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಫೋನನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡವರು.

ತಂಗೆವ್ವನಿಗೆ ಅಳು ಬಂತು. ನಿನ್ನೆ ರಾತ್ರಿ ಗಂಡನ ಮುಖ ಹೇಗಿತ್ತೆಂದು ಇವರಿಗೆ ಹೇಗೆ ಹೇಳುವುದು? "ಯಜಮಾನ್ರ, ದೋಣ್ಯಾಗ ಇವತ್ತ ಸಂತಿ ಮಂದಿ..." ಎಂದು ಶುರು ಮಾಡುವಷ್ಟರಲ್ಲಿ ಅವಳ ಕೈಯಲ್ಲಿದ್ದ ಬೆಳಕು ಒಮ್ಮೆ ಮಿಟುಕಿ ಆರಿ ಹೋಯಿತು.

"ನೋಡ್ರಿ! ನೋಡ್ರಿ, ಆರಿತು!" ಎಂದು ಅವಳು ಅದನ್ನು ಮೇಲೆತ್ತಿ ಹಿಡಿದಳು. ತನ್ನ ಮಾತು ಕಡೆಗೂ ನಿಜವಾಯಿತೆಂದು ಆ ಕ್ಷಣ ಅವಳಿಗೆ ಸಂತೋಷವೇ ಆಗಿತ್ತು.

ದ್ವಾರಪಾಲಕ ಆಗಲೇ ಪಕ್ಕಕ್ಕೆ ಬಂದು ನಿಂತಿದ್ದ. "ನಡೀರೆವ್ವಾ. ನೀವ್ ಈಗ ಮಾಲೀಕರಲ್ಲ."

"ಈಗರ ನಾ ಹೇಳೂದ ಖರೆ ಆತಲ್ಲೋ ಅಣ್ಣಾ!"

"ಆತು. ಆದ್ರ ಈಗ ಹೇಳಂಗಿಲ್ಲ," ಎಂದು ಅವನು ಮರ್ಯಾದೆಯಿಂದಲೇ ಅವಳನ್ನು ಹೊರಗೆ ಬಿಟ್ಟು ಬಂದ.

ಅನಂತರ ನಡೆದದ್ದನ್ನು ಆ ಊರಿನವರು ಈಗಲೂ ಹೇಳಿಕೊಳ್ಳುವುದಿಲ್ಲ. ತಿರುಗಿ ಬಂದ ದ್ವಾರಪಾಲಕ, ಬೋರಲು ಇಟ್ಟ ಫೋನುಗಳನ್ನು ತಿರುಗಿಸಲು ಹೇಳಿದ. ಆರಿದವರೆಲ್ಲ ಎದ್ದರು. ಮೂಲೆಗಳನ್ನು ಹೊಗಳಿದವನು ಹೋದ, ವೇಗವನ್ನು ಹೊಗಳಿದವನು ಹೋದ. ಒಬ್ಬೊಬ್ಬರೂ ಹೋಗುವಾಗ, ಮನೆಯಲ್ಲಿ ಚಾರ್ಜಿಗೆ ಹಾಕಿ ಬರುತ್ತೇನೆಂದು ಹೇಳಿಯೇ ಹೋದರು. ನಿರ್ಣಯವನ್ನು ಓದುತ್ತಿದ್ದ ಯಜಮಾನರ ಫೋನು ಅರ್ಧ ವಾಕ್ಯಕ್ಕೆ ಆರಿತು. ದ್ವಾರಪಾಲಕ ಅವರಿಗೂ ಅಷ್ಟೇ ಮರ್ಯಾದೆಯಿಂದ ದಾರಿ ತೋರಿಸಿದ. ಕಡೆಗೆ ಸಭೆಯಲ್ಲಿ ಉಳಿದವನು ಡಬ್ಬಿಯ ಗೃಹಸ್ಥನೊಬ್ಬನೇ. ಅವನು ಎದ್ದು, ಖಾಲಿ ಸಾಲುಗಳಿಗೆ ಕೈಮುಗಿದು, ಗಂಟೆ ಇಳಿಸಲು ಎಲ್ಲರ ಒಪ್ಪಿಗೆ ಇದೆಯೇ ಎಂದು ಕೇಳಿದ. ತಾನೇ ಕೈ ಎತ್ತಿದ. ಎದುರು ಮಾತಾಡಲು ಒಬ್ಬರೂ ಇಲ್ಲದ್ದರಿಂದ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಮೇಸ್ತ್ರಿಯ ಫೋನಿಗೆ ಹುಕುಂ ಕಳಿಸಿ ಅವನು ನೆಮ್ಮದಿಯಿಂದ ಕುಳಿತ. ನಡೆದು ಹೋಗಿ ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಇತ್ತ ತಂಗೆವ್ವ ದಂಡೆಗೆ ಓಡಿದ್ದಳು. ಮಂಜು ದಂಡೆಯವರೆಗೂ ಬಂದಿತ್ತು. ಆಳುಗಳು ಗಂಟೆಯ ನಾಲಿಗೆಗೆ ಹಗ್ಗ ಸುತ್ತಿ ಕಟ್ಟಿದ್ದರು. ಮೇಸ್ತ್ರಿ ಕಂಬದ ಬುಡದಲ್ಲಿ, ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಅಂಗೈ ಮುಚ್ಚಿಕೊಂಡು ಕುಳಿತಿದ್ದ. ಹೊಳೆಯ ಕಡೆಯಿಂದ ದೂರದಲ್ಲಿ ಒಂದು ಕೂಗು ಕೇಳಿಸಿತು. ಯಾರದೆಂದು ತಿಳಿಯಲು ತಂಗೆವ್ವ ಎರಡನೆಯ ಸಲ ಕೇಳಬೇಕಿರಲಿಲ್ಲ.

"ಹೊತ್ತ ಮುಳಗಾಕತ್ತು," ಎಂದು ಮೇಸ್ತ್ರಿ ಆಳುಗಳಿಗೆ ಹೇಳುತ್ತಿದ್ದ. "ಹೆಂಗೂ ಒಪ್ಪಿಗಿ ಆಗೂದ ಐತಿ. ಇಳಿಸೇ ಬಿಡ್ರಿ."

ಆಳುಗಳು ಹಗ್ಗ ಹಿಡಿದು ಎದ್ದರು. ತಂಗೆವ್ವನ ಕಣ್ಣು ಮೇಸ್ತ್ರಿಯ ಅಂಗೈ ಮೇಲೆ ಬಿತ್ತು. ಬೆರಳ ಸಂದಿಯಲ್ಲಿ ಬೆಳಕು ಇರಲಿಲ್ಲ. ಅದು ಎಂದು ಆರಿತ್ತೋ ಯಾರಿಗೆ ಗೊತ್ತು. "ನಿಂದೂ ಸತ್ತೇತಿ!" ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಆದರೆ ನಿಜ ಹೇಳಿದ್ದರ ಫಲವನ್ನು ಅವಳು ಈಗಷ್ಟೇ ಉಂಡು ಬಂದಿದ್ದಳು. ಆ ಮಾತನ್ನು ನುಂಗಿ, ನಗುಮುಖ ಮಾಡಿ, ಹತ್ತಿರ ಹೋದಳು.

"ಏನ್ರಿ ಮೇಸ್ತ್ರಿ, ಹುಕುಂ ಬಂತೇನು?"

"ಇನ್ನೂ ಇಲ್ಲ. ಬಂದಂಗ."

"ಅದ್ಹೆಂಗ್ರಿ? ಇಂಥಾ ಚಲೋ ಫೋನು. ಹುಕುಂ ಆಗಿದ್ರ ಆ ಕ್ಷಣಕ್ಕ ಹೇಳತಿರಲಿಲ್ಲೇನು?" ಅವಳು ಆಳುಗಳಿಗೂ ಕೇಳುವಂತೆ ದನಿ ಏರಿಸಿದಳು. "ಅಥವಾ ನಿಮ್ಮ ಫೋನ್ ಏನರ ಕೆಟ್ಟೇತೇನು ಮತ್ತ?"

ಆಳುಗಳು ಹಗ್ಗ ಸಡಿಲಿಸಿ ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿಯ ಮುಖ ಕೆಂಪಾಯಿತು. "ನನ್ನ ಫೋನ್ ಯಾಕ ಕೆಡತೈತಿ? ಭಾರೀ ನಡ್ಯಾಕತ್ತೇತಿ."

"ಮತ್ತ ಹುಕುಂ ಆಗಿಲ್ಲ."

ಮೇಸ್ತ್ರಿ ಅಂಗೈಯನ್ನು ಫೋನಿನ ಮೇಲೆ ಇನ್ನೂ ಬಿಗಿಯಾಗಿ ಒತ್ತಿದ. "ಆಗಿಲ್ಲ," ಎಂದ ಕಡೆಗೆ.

"ಆಗೂ ತನಕಾ ಗಂಟಿ ಊರಿನದು. ನಾಲಗಿ ಬಿಚ್ರಪಾ," ಎಂದು ತಂಗೆವ್ವ ಆಳುಗಳಿಗೆ ಹೇಳಿದಳು. ತಾನು ಹೊಗಳಿದ್ದು ಸತ್ತ ಫೋನನ್ನು ಎಂದು ಅವಳಿಗೆ ಗೊತ್ತಿತ್ತು, ನಾಚಿಕೆಯೂ ಆಗಿತ್ತು. ಆದರೆ ಕೈಗೆ ಹಗ್ಗ ಸಿಕ್ಕ ಮೇಲೆ ಬೇರೆ ಯಾವುದೂ ನೆನಪಿಗೆ ಬರಲಿಲ್ಲ. ಭುಜ ಕಳಚುವಂತೆ ಎಳೆದಳು. ಗಂಟೆ ಮೊಳಗಿತು.

ಅತ್ತ ಸಭಾಭವನದಲ್ಲಿ ಗೃಹಸ್ಥ ಆ ಸದ್ದು ಕೇಳಿ ತನ್ನ ಫೋನನ್ನು ಕಿವಿಗೆ ಹಿಡಿದ. "ಹುಕುಂ ಮುಟ್ಟಿದ್ದಕ್ಕ ಎಷ್ಟ ಚಂದ ಗಂಟಿ ಬಾರಸತೈತಿ ನೋಡ್ರಿ ಇದು," ಎಂದು ಖಾಲಿ ಸಾಲುಗಳಿಗೆ ಹೇಳಿದ.

ದೋಣಿ ದಂಡೆ ಮುಟ್ಟಿದಾಗ ತಂಗೆವ್ವನ ಅಂಗೈ ಸುಲಿದು ಹೋಗಿತ್ತು. ಯಂಕಪ್ಪ ಸಂತೆಯ ಜನರನ್ನು ಒಬ್ಬೊಬ್ಬರಾಗಿ ಇಳಿಸಿ, ಕಡೆಗೆ ತಾನು ಇಳಿದು ಬಂದ. "ಸಭಾದಾಗ ನಿನ್ನ ಮಾತ ಕೇಳಿದ್ರಲ್ಲ!" ಎಂದ ಸಂಭ್ರಮದಿಂದ. ಅವಳು ಉತ್ತರ ಕೊಡದೆ ಅವನ ತೋಳು ಹಿಡಿದುಕೊಂಡು ಅತ್ತಳು.

ನಿರ್ಣಯ ಪಾಸಾಗಿದೆ, ಹುಕುಂ ಹೋಗಿದೆ ಎಂದು ಗೃಹಸ್ಥ ಕೇಳಿದವರಿಗೆಲ್ಲ ಹೇಳುತ್ತಾನೆ. ಹುಕುಂ ಬಂದಿಲ್ಲ ಎಂದು ಮೇಸ್ತ್ರಿ ಹೇಳುತ್ತಾನೆ. ಇಬ್ಬರಲ್ಲಿ ಯಾರ ಫೋನು ಕೆಟ್ಟಿದೆ ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ, ಕೇಳಿದವರನ್ನು ಮೊದಲು ಬೆಳಕು ತೋರಿಸು ಎಂದು ಕೇಳಿಯಾರು. ಹೀಗಾಗಿ ಮೇಸ್ತ್ರಿ ದಿನವೂ ಸಂಜೆ ಆಳುಗಳೊಂದಿಗೆ ಕಂಬದ ಬುಡಕ್ಕೆ ಬಂದು, ತೊಡೆಯ ಮೇಲೆ ಅಂಗೈ ಮುಚ್ಚಿಕೊಂಡು ಕೂರುತ್ತಾನೆ. ಮಂಜು ಇಳಿಯುವ ಹೊತ್ತಿಗೆ ತಂಗೆವ್ವ ಬರುತ್ತಾಳೆ.

"ಫೋನ್ ಹೆಂಗೈತ್ರಿ ಮೇಸ್ತ್ರಿ?"

"ಏನೂ ತಕರಾರಿಲ್ಲವಾ."

"ಚಲೋ ಆತು," ಎಂದು ಅವಳು ಗಂಟೆಯ ಹಗ್ಗ ಹಿಡಿಯುತ್ತಾಳೆ.