ಅಂಥದ್ದೇ ಇನ್ನೊಂದು

ಗ್ರಂಥಪಾಲಕರ ಕನ್ನಡಕದ ಎಡಗಡೆಯ ಸ್ಕ್ರೂ ಸಡಿಲವಾಗಿದೆ, ತಲೆ ಬಗ್ಗಿಸಿದಾಗಲೆಲ್ಲ ಮೂಗಿನ ಮೇಲಿಂದ ಜಾರುತ್ತದೆ, ನಮ್ಮ ಅಂಗಡಿಗೆ ಬನ್ನಿ, ಬಿಗಿ ಮಾಡಿಕೊಡುತ್ತೇನೆ ಎನ್ನಬೇಕು, ಬೇಡ, ನಾನು ಕನ್ನಡಕದ ಅಂಗಡಿಯವಳೆಂದು ಇವರಿಗೇಕೆ ಗೊತ್ತಾಗಬೇಕು — ಯಾವ ಥರದ್ದು ಬೇಕಮ್ಮ, ಎಂದರು, ಇದೇ ಥರದ್ದು, ಎಂದೆ, ಕೈಯಲ್ಲಿದ್ದ ಕಾದಂಬರಿಯನ್ನು ಮುಂದೆ ತಳ್ಳಿದೆ, ರಟ್ಟು ಕಿತ್ತುಹೋಗಿ ನಾನೇ ಕಂದು ಕಾಗದ ಅಂಟಿಸಿದ ನನ್ನ ಸ್ವಂತದ ಪ್ರತಿ, ಅವರು ನಡುವಿನ ಒಂದು ಪುಟ ತೆರೆದು ಕಣ್ಣಾಡಿಸಿದರು, ಓಹೋ ಇದಾ, ಅತ್ತಿಗೆ ಮೈದುನನ ಕಥೆ, ಎಂದರು, ಅಷ್ಟು ಜೋರಾಗಿ ಏಕೆ ಹೇಳಬೇಕಿತ್ತು, ಪತ್ರಿಕೆ ಓದುತ್ತಿದ್ದ ಮುದುಕರೊಬ್ಬರು ತಲೆ ಎತ್ತಿದರು, ನನಗಲ್ಲ, ನಮ್ಮ ಅತ್ತೆಗೆ, ಅವರಿಗೆ ಕಣ್ಣು ಕಾಣಿಸಲ್ಲ, ನಾನು ಓದಿ ಹೇಳ್ತೀನಿ, ಎಂದೆ, ನಿಜವನ್ನೇ ಹೇಳಿದೆ, ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೇಳಿಸಿತು.

ಓದಿ ಹೇಳಬೇಕಾದ್ದು ಅತ್ತೆಗೆ, ನನಗೆ ಅದೇ ಭಯ. ಗಂಡ ಬದುಕಿದ್ದಾಗಲೇ ಈ ಪುಸ್ತಕವನ್ನು ಎಷ್ಟೋ ಸಲ ಓದಿದ್ದೆ, ಆಗ ಅದು ಬರೀ ಕಥೆ, ವಿಧವೆಯೊಬ್ಬಳು ಗಂಡನ ತಮ್ಮನನ್ನು ಇಷ್ಟಪಟ್ಟರೆ ನನಗೇನು, ಎರಡು ಹನಿ ಕಣ್ಣೀರು ಹಾಕಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ, ಜ್ವರ ಅವರನ್ನು ಕೊಂಡೊಯ್ದ ಮೇಲೆ ಅದೇ ಪುಟಗಳು ನನ್ನನ್ನು ಓದತೊಡಗಿದವು, ಬಚ್ಚಿಡುತ್ತಿದ್ದೆ, ಒಂದು ಮಧ್ಯಾಹ್ನ ಅತ್ತೆಯೇ, ಏನೋ ಓದ್ತಾ ಕೂತಿರ್ತೀಯಲ್ಲ, ನನಗೂ ಓದೇ, ಎಂದರು, ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ, ಓದಿದೆ, ಕಥೆಯ ಮೈದುನ ಅವಳ ಕಾಲಿನ ಮುಳ್ಳು ತೆಗೆಯುವ ಕಡೆ ಬಂದಾಗ ಹಾರಿಸಿದೆ, ಅತ್ತೆ ಗೋಡೆಗೆ ಒರಗಿಕೊಂಡೇ, ಎರಡು ಹಾಳೆ ಒಟ್ಟಿಗೆ ತಿರುಗಿಸಿದ್ಯಲ್ಲೇ, ಸದ್ದಾಯ್ತು, ಅದನ್ನೂ ಓದು, ಎಂದರು — ಓದಿದೆ, ಪುಟದಿಂದ ಕಣ್ಣೆತ್ತದೆ ಓದಿದೆ, ಏಕೆಂದರೆ ಅದೇ ವಾರ ಮಸೂರ ಉಜ್ಜುವಾಗ ನನ್ನ ಬೆರಳಿಗೆ ಹೊಕ್ಕಿದ್ದ ಗಾಜಿನ ಚೂರನ್ನು ಮೈದುನ ಹಿತ್ತಲ ನಲ್ಲಿಯ ಹತ್ತಿರ ತೆಗೆದಿದ್ದ, ಲಿಫ್ಟು ರಿಪೇರಿ ಮಾಡುವ ಕೈ, ಎಷ್ಟು ತೊಳೆದರೂ ಗ್ರೀಸು ಬಿಡದ ಕೈ, ಚೂರು ಬಂದ ಮೇಲೂ ಅವನು ಬಿಡಲಿಲ್ಲ, ನಾನೂ ಎಳೆದುಕೊಳ್ಳಲಿಲ್ಲ, ಬೇರೆ ಊರಿಗೆ ಕೆಲಸ ಬದಲಾಯಿಸ್ಕೊಳ್ತಿದೀನಿ, ಬರ್ತೀರಾ, ಎಂದ, ಮರ್ಯಾದೆ ಹಾಗೇ ಇತ್ತು, ಅತ್ತಿಗೆ ಅನ್ನುವ ಮಾತು ಮಾತ್ರ ಉದುರಿಹೋಗಿತ್ತು, ಅವತ್ತಿನಿಂದ ಅವನು ನನ್ನನ್ನು ಏನೆಂದೂ ಕರೆಯುವುದಿಲ್ಲ, ನಾನು ಇನ್ನೂ ಉತ್ತರ ಕೊಟ್ಟಿಲ್ಲ, ಕಥೆಯವಳು ಕೊನೆಗೆ ಹೊಳೆಗೆ ಇಳಿದಾಗ ಅತ್ತೆ, ಅಂಥದ್ದೇ ಇನ್ನೊಂದು ತಗೊಂಡು ಬಾ, ಎಂದರು, ಅಂಥದ್ದೇ ಏಕೆ, ದೇವರ ಕಥೆ ಇಲ್ಲವೇ, ಪತ್ತೇದಾರಿ ಇಲ್ಲವೇ, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ.

ಗ್ರಂಥಪಾಲಕರು ಒಂದು ಕಟ್ಟು ತಂದು ಇಟ್ಟರು, ನಿಂತಲ್ಲೇ ಕೊನೆಯ ಪುಟಗಳನ್ನು ತೆರೆದೆ, ಒಬ್ಬಳು ಬಾವಿಗೆ, ಒಬ್ಬಳು ರೈಲಿಗೆ, ಇನ್ನೊಬ್ಬಳ ಹಾಲಿನ ಲೋಟದಲ್ಲಿ ಏನೋ, ಕಟ್ಟನ್ನು ಹಿಂದಕ್ಕೆ ತಳ್ಳಿದೆ, ಇವಳು ಸಾಯದೇ ಇರೋದು ಯಾವುದಾದ್ರೂ ಇದೆಯಾ ಸಾರ್, ಎಂದೆ, ಸಾಯದಿದ್ರೆ ಕಥೆ ಎಲ್ಲಿ ನಿಲ್ಸೋದಮ್ಮ, ಎಂದು ನಕ್ಕು ಮತ್ತೆ ಒಳಗೆ ಹೋಗಿ ತೆಳ್ಳಗಿನದೊಂದು ತಂದರು, ಇದರಲ್ಲಿ ಇಬ್ರೂ ಬಸ್ಸು ಹತ್ತಿ ಹೋಗ್ತಾರೆ, ಆದ್ರೆ ಯಾರೂ ಕೇಳಲ್ಲ ಇದನ್ನ — ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದೆ, ಬೀದಿಯಲ್ಲಿ ಔಷಧಿ ಅಂಗಡಿಯವನು, ಅತ್ತೆ ಹೇಗಿದಾರೆ, ಎಂದ, ಅದರಲ್ಲೇನೋ ಇದೆ ಅನ್ನಿಸಿತು, ಇಸ್ತ್ರಿಯವಳು ನನ್ನ ಕಡೆ ನೋಡಲಿಲ್ಲ, ನೋಡದಿದ್ದುದರಲ್ಲೂ ಏನೋ ಇದೆ ಅನ್ನಿಸಿತು, ಮಾಡದ ತಪ್ಪಿಗೆ ಇಷ್ಟು ನಡುಗುವವಳು ಮಾಡಿದ ಮೇಲೆ ಹೇಗೆ ಬದುಕುತ್ತೀಯೇ, ಮನೆಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟೆ, ಒಳಗೆ ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದರು, ಕಾಣದ ಕಣ್ಣನ್ನು ಬಾಗಿಲಿಗೇ ನೆಟ್ಟು.

ಸಿಕ್ತಾ, ಹ್ಞೂ ಅತ್ತೆ, ಇವಳೂ ಸಾಯ್ತಾಳಾ, ಇಲ್ಲ ಅತ್ತೆ, ಇಬ್ರೂ ಊರು ಬಿಡ್ತಾರಂತೆ — ಅತ್ತೆ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಹಂಗಾದ್ರೆ ಅತ್ತೆ ಗತಿ, ಎಂದು ಕೇಳಿದರು, ಯಾವ ಅತ್ತೆ ಎಂದು ತಿಳಿಯದೆ ನಿಂತೆ, ಅದರಲ್ಲಿರೋ ಅತ್ತೆ ಕಣೇ, ಅವಳೇನಾಗ್ತಾಳೆ ನೋಡು, ನಾನು ಆ ಕಡೆ ನೋಡಿಯೇ ಇರಲಿಲ್ಲ, ಯಾವ ಪುಸ್ತಕದಲ್ಲೂ ನೋಡಿರಲಿಲ್ಲ, ಹಾಳೆ ಮಗುಚಿದೆ, ಬಾಗಿಲು ಹಾಕ್ಕೋತಾಳೆ, ಎಂದೆ, ಆಮೇಲೆ, ಎಂದರು, ಆಮೇಲೆ ಅವಳ ವಿಷಯ ಇಲ್ಲ ಅತ್ತೆ, ನನಗೂ ಹಂಗೇ ಅನ್ನಿಸ್ತು, ಎಂದರು, ಅವನು ನಿನ್ನ ಅತ್ತಿಗೆ ಅಂತ ಕರೆಯೋದು ಬಿಟ್ಟಾಗಿಂದ ನನಗೆ ನಿದ್ದೆ ಇಲ್ಲ ಕಣೇ — ಪುಸ್ತಕ ಕೈಯಿಂದ ಜಾರಿತು, ಅಂದರೆ ಇವರಿಗೆ ಗೊತ್ತು, ಮುಳ್ಳಿನ ಪುಟ ಓದಿಸುವಾಗಲೇ ಗೊತ್ತಿತ್ತು, ಈಗ ಕೂಗುತ್ತಾರೆ, ನೆರೆಹೊರೆ ಸೇರುತ್ತದೆ, ಆದರೆ ಅತ್ತೆಯ ದನಿ ಏರಲಿಲ್ಲ, ದೊಡ್ಡವನು ಹೋದ, ಚಿಕ್ಕವನು ನಿನ್ನ ಕರ್ಕೊಂಡು ಹೋದ್ರೆ ನನಗೆ ನೀರಿನ ಬಿಂದಿಗೆ ಎಲ್ಲಿದೆ ಅಂತ ಹೇಳೋರು ಯಾರು, ಅತ್ತೆನೂ ಜೊತೇಲಿ ಹೋಗೋ ಕಥೆ ಯಾರಾದ್ರೂ ಬರ್ದಿದಾರಾ ಅಂತ ನೋಡೋಣ ಅಂದ್ಕೊಂಡೆ ಅಷ್ಟೇ, ಎಂದರು, ಇಷ್ಟು ದಿನ ನಾನು ಇವರಿಗೆ ಹೆದರಿದ್ದೆ, ಇವರು ಕತ್ತಲಲ್ಲಿ ಕೂತು ನನಗೆ ಹೆದರಿದ್ದರು, ಮೂವರೂ ಹೋಗೋಣ ಅತ್ತೆ, ಎಂದೆ, ದನಿ ನನ್ನದೇ ಅನ್ನಿಸಲಿಲ್ಲ, ಆಡಿದ ಮೇಲೆ ಹೊಸ ಭಯ, ಹೊಸ ಊರಿನ ಮನೆ ಮಾಲೀಕರು ನೀವು ಮೂವರೂ ಒಬ್ಬರಿಗೊಬ್ಬರು ಏನಾಗಬೇಕು ಎಂದರೆ ಏನು ಹೇಳುವುದು, ಅವನಿಗೆ ಹೇಗೆ ತಿಳಿಸುವುದು, ಅತ್ತೆ ಕೈ ಮುಂದೆ ಚಾಚಿದರು, ನಾನಿದ್ದ ಕಡೆಗಲ್ಲ, ಸ್ವಲ್ಪ ಆಚೆಗೆ, ಖಾಲಿ ಜಾಗಕ್ಕೆ, ಬಿದ್ದ ಪುಸ್ತಕಕ್ಕೋ ನನಗೋ ತಿಳಿಯದು, ಒಂದು ಹೆಜ್ಜೆ ಸರಿದರೆ ಸಿಗುತ್ತೇನೆ, ಸರಿಯಬೇಕು, ಬೆರಳುಗಳು ಗಾಳಿಯನ್ನು ತಡವುತ್ತಿವೆ, ಆ ಕೈ, ಖಾಲಿ ಜಾಗದಲ್ಲಿ ಚಾಚಿಕೊಂಡೇ ಇರುವ ಆ ಕೈ, ಆ ಕೈ —