ಮಂಡಿಹಲಗೆಯ ಮೆತ್ತೆ

ಹಲ್ಲಿನ ಡಾಕ್ಟರಮ್ಮನಿಗೆ ಜಗಳ ಕಂಡರಾಗದು. ಬಸ್ಸಿನಲ್ಲಿ ಯಾರಾದರೂ ದನಿ ಏರಿಸಿದರೆ ಸಾಕು, ಎರಡು ಸ್ಟಾಪು ಮೊದಲೇ ಇಳಿದು ನಡೆದುಬಿಡುವ ಹೆಂಗಸು. ಇಪ್ಪತ್ತೆರಡು ವರ್ಷ ಜನರ ಬಾಯೊಳಗೆ ಕೈಯಿಟ್ಟೇ ಬದುಕಿದ್ದರೂ ಯಾರ ಬಾಯಿಗೂ ಬಿದ್ದವಳಲ್ಲ. ಅಂಥವಳನ್ನು ಹಿಡಿದು ಫಾದರ್ ಚರ್ಚಿನ ಆನ್‌ಲೈನ್ ಗುಂಪಿಗೆ ಅಡ್ಮಿನ್ ಮಾಡಿದರು.

"ನೋಡಮ್ಮ, ನಿನ್ನ ಮುಂದೆ ಎಲ್ಲರೂ ಬಾಯಿ ತೆರೀತಾರೆ, ಆದ್ರೂ ಒಂದು ಜಗಳ ಆಗಲ್ಲ. ನಮಗೆ ಬೇಕಾಗಿರೋದೂ ಅದೇ."

"ಫಾದರ್, ನಾನು ಮೊದಲು ಇಂಜೆಕ್ಷನ್ ಕೊಡ್ತೀನಲ್ಲ!"

ಫಾದರ್ ನಕ್ಕರು. ಅವರು ನಕ್ಕರೆಂದರೆ ಕೆಲಸ ತಲೆಗೆ ಕಟ್ಟಿಯಾಯಿತೆಂದೇ ಅರ್ಥ. ಒಬ್ಬರ ಮಾತನ್ನೊಬ್ಬರು ಆಲಿಸಬೇಕು, ಭಿನ್ನಾಭಿಪ್ರಾಯಕ್ಕೆ ಬಾಗಿಲು ತೆರೆದಿಡಬೇಕು ಎಂದು ಧರ್ಮಾಧ್ಯಕ್ಷರಿಂದ ಪತ್ರ ಬಂದಿತ್ತು. ಹಾಗಾಗಿ ಗುಂಪಿಗೆ 'ಎಲ್ಲರ ಮಾತಿಗೂ ಸ್ವಾಗತ' ಎಂದು ಹೆಸರಿಟ್ಟರು. ಮುನ್ನೂರ ನಲವತ್ತು ಜನ ಸೇರಿದರು.

ಮೊದಲ ನಾಲ್ಕು ದಿನ ಬರೀ ಹೂವಿನ ಚಿತ್ರ, ಶುಭೋದಯ, ಆಮೆನ್. ಐದನೆಯ ದಿನ ನರ್ಸಕ್ಕ ಒಂದು ಸಾಲು ಬರೆದರು. ಆಸ್ಪತ್ರೆಯಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದ ಅವರನ್ನು ಎಲ್ಲರೂ ಕರೆಯುವುದೇ ಹಾಗೆ. ಬರೆದದ್ದು ಇಷ್ಟೇ: 'ಬೆಂಚುಗಳ ಮುಂದೆ ನಾವು ಮೊಣಕಾಲೂರುವ ಮಂಡಿಹಲಗೆಗೆ ತೆಳ್ಳಗೆ ಮೆತ್ತೆ ಹಾಕಿಸಿದರೆ ವಯಸ್ಸಾದವರಿಗೆ ಅನುಕೂಲ.'

ಗಾನವೃಂದದ ಮುಖ್ಯಸ್ಥರಾದ ಲೆಕ್ಕದ ಮೇಷ್ಟ್ರು ಕೂಡಲೇ ಉತ್ತರ ಕೊಟ್ಟರು: 'ಶಿಲುಬೆಗೆ ಮೆತ್ತೆ ಇತ್ತೇ?'

ನರ್ಸಕ್ಕ ಬಿಡುವವರೇ? 'ಶಿಲುಬೆ ಹೊತ್ತವರಿಗೆ ಮೂವತ್ತಮೂರು ವರ್ಷ. ನನಗೆ ಎಪ್ಪತ್ತೆರಡು.'

ಅಲ್ಲಿಗೆ ಕಟ್ಟೆ ಒಡೆಯಿತು. ಸಂಜೆಯ ಹೊತ್ತಿಗೆ ನಾನೂರು ಸಂದೇಶ. ಮೆತ್ತೆಯೊಳಗಿನ ಸ್ಪಂಜಿನಲ್ಲಿ ಒಬ್ಬರಿಗೆ ಧರ್ಮದ್ರೋಹದ ಬೇರು ಕಾಣಿಸಿತು. ಹಲಗೆಯೇ ಬೇಕೆನ್ನುವವರು ಪರಲೋಕಕ್ಕೂ ಗಟ್ಟಿ ಕುರ್ಚಿ ಹೊತ್ತುಕೊಂಡು ಹೋಗಲಿ ಎಂದರು ಇನ್ನೊಬ್ಬರು. ಒಬ್ಬಾತ ಇದೇ ಸಮಯವೆಂದು ತನ್ನ ಅಂಗಡಿಯ ದಿಂಬುಗಳ ಚಿತ್ರ ಹಾಕಿದ. ಇಪ್ಪತ್ತು ವರ್ಷದಿಂದ ಚರ್ಚಿನ ಮೆಟ್ಟಿಲನ್ನೇ ಹತ್ತದ ಮಹನೀಯರೊಬ್ಬರು ಮಂಡಿಯೂರುವ ಮಹತ್ವದ ಬಗ್ಗೆ ಹದಿನಾಲ್ಕು ಪ್ಯಾರಾ ಬರೆದರು.

ಡಾಕ್ಟರಮ್ಮನ ಗಂಡ ಎಲೆಕ್ಟ್ರಿಷಿಯನ್. ಹೆಂಡತಿಯ ಫೋನು ಊಟದ ಮೇಜಿನ ಮೇಲೆ ಗುಂಯ್‌ಗುಡುತ್ತ ತನ್ನಷ್ಟಕ್ಕೇ ಜರುಗುವುದನ್ನು ನೋಡಿ ಹೇಳಿದ: "ಬರಿಗೈಯಲ್ಲಿ ತಂತಿ ಹಿಡ್ಕೊಂಡಿದ್ದೀಯ ಮಾರಾಯ್ತಿ. ಮೇನ್ ಸ್ವಿಚ್ ಎಲ್ಲಿದೆ ನೋಡ್ಕೋ."

ಅವಳು ನೋಡಿಕೊಂಡಳು. ಗುಂಪಿನ ಸೆಟ್ಟಿಂಗಿನಲ್ಲಿ ಬೇಡದ ಪದಗಳ ಪಟ್ಟಿ ಕೊಟ್ಟರೆ ಅವಿರುವ ಸಂದೇಶವನ್ನು ಯಂತ್ರವೇ ನುಂಗಿಹಾಕುತ್ತಿತ್ತು, ಬರೆದವರನ್ನು ಮೂರು ದಿನ ಹೊರಗೆ ನಿಲ್ಲಿಸುತ್ತಿತ್ತು. ಡಾಕ್ಟರಮ್ಮ 'ಮೂರ್ಖ', 'ಕಪಟಿ', 'ಕುರುಡ', 'ನರಕ' ಎಂದು ಶುರುಮಾಡಿದಳು. ಬೈಗುಳ ನಿಂತರೂ ವಾದ ನಿಲ್ಲಲಿಲ್ಲ. 'ಮೆತ್ತೆ', 'ಹಲಗೆ' ಎರಡನ್ನೂ ಪಟ್ಟಿಗೆ ಸೇರಿಸಿದಳು. ಜನ 'ಆ ಮೃದು ವಸ್ತು', 'ಆ ಗಟ್ಟಿ ವಸ್ತು' ಎನ್ನತೊಡಗಿದರು. 'ಮೃದು', 'ಗಟ್ಟಿ' ಪದಗಳನ್ನೂ ಸೇರಿಸಿದಳು. ಭಾನುವಾರ ಗಟ್ಟಿಯಾಗಿ ಹಾಡಬೇಕೆಂದು ಮೇಷ್ಟ್ರು ಹಾಕಿದ ಸೂಚನೆ ಹೇಳಹೆಸರಿಲ್ಲದೆ ಹೋಯಿತು. ಗಾನವೃಂದದವರು ಪಿಸುದನಿಯಲ್ಲೇ ಹಾಡಿದರು.

ಒಂದು ಬೆಳಿಗ್ಗೆ ಫಾದರ್ ಏದುಸಿರು ಬಿಡುತ್ತ ಕ್ಲಿನಿಕ್ಕಿಗೇ ನಡೆದುಬಂದರು.

"ನನ್ನನ್ನೂ ಹೊರಗೆ ಹಾಕಿದ್ಯಲ್ಲಮ್ಮ!"

"ನಾನಲ್ಲ ಫಾದರ್, ಯಂತ್ರ." ಅವಳು ಫೋನು ತೆರೆದು ನೋಡಿದಳು. "ನೀವು ಕಪಟಿಗಳು, ಕುರುಡರು ಅಂತೆಲ್ಲ ಬರೆದಿದ್ದೀರಿ."

"ಅದು ಇವತ್ತಿನ ಸುವಾರ್ತೆ! ಅಂದದ್ದು ನಾನಲ್ಲ, ಯೇಸುಸ್ವಾಮಿ!"

"ಯಾರಂದ್ರೂ ನಿಯಮ ಒಂದೇ ಅಂತ ನೀವೇ ಹೇಳಿದ್ದು..."

ಫಾದರ್ ರೋಗಿಗಳ ಕುರ್ಚಿಯಲ್ಲಿ ಕುಸಿದು ಕೂತರು. "ಯೇಸುಸ್ವಾಮಿನ ಸೇರಿಸ್ಕೊಂಡಿದ್ರೂ ನಮ್ಮ ಗುಂಪಲ್ಲಿ ಒಂದು ವಾರವೂ ಬಾಳ್ತಿರಲಿಲ್ಲ," ಎಂದು ತಮಗೆ ತಾವೇ ಗೊಣಗಿಕೊಂಡರು. ಆದರೂ ನಿಯಮ ಬದಲಿಸು ಎನ್ನಲಿಲ್ಲ. ಎರಡು ದಿನದಿಂದ ಅವರಿಗೂ ದೂರಿನ ಫೋನು ಬಂದಿರಲಿಲ್ಲ. ಆ ಸುಖ ಅವರು ಬಲ್ಲರು.

ಕೊನೆಗೆ ಗುಂಪಿನಲ್ಲಿ ಮತ್ತೆ ಹೂವಿನ ಚಿತ್ರಗಳಷ್ಟೇ ಉಳಿದವು. 'ನಮ್ಮಲ್ಲಿ ಸಂಪೂರ್ಣ ಸೌಹಾರ್ದ ನೆಲೆಸಿದೆ' ಎಂದು ವರದಿ ಹೋಯಿತು. ಇತರ ಚರ್ಚುಗಳ ಅಡ್ಮಿನ್‌ಗಳಿಗೂ ಡಾಕ್ಟರಮ್ಮ ತರಬೇತಿ ಕೊಡಲಿ ಎಂದು ಮೇಲಿನಿಂದ ಮೆಚ್ಚುಗೆ ಬಂತು. ಅವಳಿಗೆ ಒಳಗೊಳಗೇ ಹಿಗ್ಗು.

ಆ ಹಿಗ್ಗು ಭಾನುವಾರದ ಬಲಿಪೂಜೆಯವರೆಗೆ ಮಾತ್ರ. ಚರ್ಚಿಗೆ ಕಾಲಿಟ್ಟು ನೋಡಿದರೆ ಎಡಗಡೆ ಹಲಗೆಯವರು, ಬಲಗಡೆ ಮೆತ್ತೆಯವರು. ಬಲಗಡೆಯವರ ಕಂಕುಳಲ್ಲಿ ಮನೆಯಿಂದ ತಂದ ದಿಂಬುಗಳು. ಗಂಡಹೆಂಡಿರೂ ಬೇರೆಬೇರೆ ಬದಿಗೆ ಕೂತಿದ್ದರು. ಒಬ್ಬರಿಗೊಬ್ಬರು ಶಾಂತಿ ಕೋರಿ ಕೈಕುಲುಕುವ ಗಳಿಗೆ ಬಂದಾಗ ನಡುವಿನ ದಾರಿ ದಾಟಿ ಒಂದು ಕೈಯೂ ಚಾಚಲಿಲ್ಲ. ಡಾಕ್ಟರಮ್ಮ ಎರಡೂ ಕಡೆ ಹೋಗಲಾರದೆ ಬಾಗಿಲ ಬಳಿ ಕಂಬಕ್ಕೊರಗಿ ನಿಂತೇ ಪೂಜೆ ಮುಗಿಸಿದಳು. ಮೇಲೆ ಒಣಗಿ ಒಳಗೆ ಕೀವು ತುಂಬಿದ ಒಸಡನ್ನು ದಿನಕ್ಕೆ ನಾಲ್ಕು ನೋಡುವವಳಿಗೆ ಇದೇನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ಲೆಕ್ಕದ ಮೇಷ್ಟ್ರು ಊದಿದ ಕೆನ್ನೆ ಹಿಡಿದುಕೊಂಡು ಬಂದರು. ದವಡೆ ಹಲ್ಲು ಹುಳುಕಾಗಿತ್ತು. ಡಾಕ್ಟರಮ್ಮ ಇಂಜೆಕ್ಷನ್ ಚುಚ್ಚಿ, ಹತ್ತಿ ತುರುಕಿ, ಬಾಯಿ ಅಗಲಿಸಿಟ್ಟಿದ್ದಳಷ್ಟೇ. ಕಟ್ಟಿಸಿಕೊಂಡ ಹಲ್ಲು ಒತ್ತುತ್ತದೆಂದು ತೋರಿಸಲು ಬಂದ ನರ್ಸಕ್ಕ, ಒಳಗಿನ ನರಳಾಟ ಕೇಳಿ ಅಭ್ಯಾಸಬಲದಿಂದ ಪರದೆ ಸರಿಸಿಬಿಟ್ಟರು.

ಇಬ್ಬರ ಕಣ್ಣೂ ಕೂಡಿದವು. ನರ್ಸಕ್ಕ ಹಿಂದೆ ತಿರುಗಿದರು.

ಪರದೆ ಎಳೆದುಬಿಟ್ಟಿದ್ದರೆ ಆಗುತ್ತಿತ್ತು. ಡಾಕ್ಟರಮ್ಮ ಪರದೆ ಹಿಡಿದೂ ಇದ್ದಳು. ಆದರೆ ಬಾಯಿಂದ ಬಂದದ್ದೇ ಬೇರೆ: "ಏನಿದೆಯೋ ಹೇಳಿಬಿಡಿ ನರ್ಸಕ್ಕ. ಅರ್ಧ ಗಂಟೆ ಅವರು ಮಾತಾಡೋ ಹಾಗಿಲ್ಲ."

ನರ್ಸಕ್ಕ ಹೇಳಿದರು. ಮೊದಲ ಐದು ನಿಮಿಷ ಚೆನ್ನಾಗಿಯೇ ಬೈದರು. ಆಮೇಲೆ ದನಿ ಇಳಿಯಿತು.

"ಮಂಡಿ ಆಪರೇಷನ್ ಆಗಿ ಎರಡು ವರ್ಷ ಆಯ್ತು ಮೇಷ್ಟ್ರೇ. ಎಲ್ಲರೂ ಮೊಣಕಾಲೂರಿದಾಗ ನಾನೊಬ್ಬಳೇ ಗೂಟದ ಹಾಗೆ ಕೂತಿರ್ತೀನಿ. ಹಿಂದಿನವರು ನನ್ನ ಬೆನ್ನು ನೋಡಿ ಏನಂದ್ಕೋತಾರೋ ಅಂತ ಪ್ರಾರ್ಥನೆಯೇ ಹತ್ತೋದಿಲ್ಲ. ಮಂಡಿಯೂರೋದನ್ನ ತಪ್ಪಿಸಿಕೊಳ್ಳೋಕೆ ಮೆತ್ತೆ ಕೇಳಿದ್ದಲ್ಲ. ಮಂಡಿಯೂರೋಕೆ ಕೇಳಿದ್ದು."

ಮೇಷ್ಟ್ರು ಛಾವಣಿ ನೋಡುತ್ತ ಮಲಗಿದ್ದರು. ತರಗತಿಯಲ್ಲಿ ಹುಡುಗರು ಎತ್ತುವಂತೆ ಒಂದು ಬೆರಳು ಎತ್ತಿದರು.

"ಇರಿ, ನಿಮ್ಮ ಸರದಿ ಬರುತ್ತೆ," ಎಂದಳು ಡಾಕ್ಟರಮ್ಮ. ಹಲ್ಲು ಕಿತ್ತು, ಹತ್ತಿ ಬದಲಿಸಿದಳು. ಆಮೇಲೆ ನರ್ಸಕ್ಕನ ಕಟ್ಟುಹಲ್ಲು ಬಿಚ್ಚಿಸಿ ಉಜ್ಜಲು ಕೂತಳು. ಹಲ್ಲಿಲ್ಲದ ಬಾಯಿ ತೋರಿಸಲು ನಾಚಿ ನರ್ಸಕ್ಕ ತುಟಿ ಬಿಗಿದುಕೊಂಡರು. ಮೇಷ್ಟ್ರ ಮಾತು ಕೇಳದೆ ವಿಧಿಯಿರಲಿಲ್ಲ.

ಮೇಷ್ಟ್ರಿಗೆ ಅರ್ಧ ತುಟಿ ಮರಗಟ್ಟಿತ್ತು. ತೊದಲುತ್ತ ಶುರುಮಾಡಿದರು. ಆ ಬೆಂಚು, ಹಲಗೆ ಎಲ್ಲ ಅವರಪ್ಪ ಮಾಡಿದ್ದಂತೆ. ಬಡಗಿ. ಮರಕ್ಕೆ ಮರ ಕೂರಿಸಿ, ಒಂದೇ ಒಂದು ಮೊಳೆಯಿಲ್ಲದೆ ಅರವತ್ತು ಹಲಗೆ. "ಯಾವನೋ ಬಂದು ಅದರ ಮೇಲೆ ಮೊಳೆ ಜಡಿದು ರೆಕ್ಸಿನ್ ಹೊಡೀತಾನಲ್ಲ ಅಂತ ಹೊಟ್ಟೆ ಉರೀತು. ಅದನ್ನ ಮೊದಲ ದಿನ ಹೇಳೋಕೆ ನಾಚಿಕೆ ಆಯ್ತು. ಅದಕ್ಕೇ ಶಿಲುಬೆ ಎಳೆದುತಂದೆ."

ನರ್ಸಕ್ಕ ನಾಚಿಕೆ ಮರೆತು, ಬಾಯಿಗೆ ಕೈ ಅಡ್ಡ ಹಿಡಿದು ಬೊಚ್ಚುಬಾಯಲ್ಲೇ ಕೂಗಿದರು: "ಮೊಳೆ ಯಾಕೆ ಹೊಡೀತಾರೆ? ಬಟ್ಟೆಪಟ್ಟಿ ಕಟ್ಟಿದ್ರೆ ಸಾಕು, ಬೇಕಾದಾಗ ಬಿಚ್ಚಬಹುದು!"

"ಹಾಗಂತ ಅವತ್ತೇ ಬರೀಬೇಕಿತ್ತು!"

"ಬರೆದಿದ್ದೆ! ಗುಂಪಲ್ಲಿ ಕಾಣಲೇ ಇಲ್ಲ!"

"ನಾನೂ ಆಮೇಲೆ ನಾಚಿಕೆ ಬಿಟ್ಟು ಅಪ್ಪನ ವಿಷಯ, ಮೊಳೆ ವಿಷಯ ಬರೆದಿದ್ದೆ. ಅದೂ ಮಾಯ!"

ಇಬ್ಬರೂ ನಿಧಾನವಾಗಿ ಡಾಕ್ಟರಮ್ಮನ ಕಡೆ ತಿರುಗಿದರು.

ಅವಳು ಕೈಗವಸು ಕಳಚಿ, ಯಂತ್ರ ನುಂಗಿದ್ದ ಸಂದೇಶಗಳ ಪುಟ ತೆರೆದಳು. ಇದ್ದವು. ನರ್ಸಕ್ಕನ ಬಟ್ಟೆಪಟ್ಟಿಯ ಉಪಾಯ, 'ಮೆತ್ತೆ' ಎಂಬ ಪದದ ತಪ್ಪಿಗೆ. ಮೇಷ್ಟ್ರ ಅಪ್ಪನ ಕತೆ, 'ಹಲಗೆ'ಯ ತಪ್ಪಿಗೆ. ಒಂದೇ ಮಧ್ಯಾಹ್ನ, ಎಂಟು ನಿಮಿಷದ ಅಂತರದಲ್ಲಿ ಬರೆದವು.

"ಏನಮ್ಮಾ, ಇದಕ್ಕಾ ನಿಂಗೆ ಮೆಚ್ಚುಗೆ ಪತ್ರ ಬಂದಿದ್ದು?" ಎಂದರು ನರ್ಸಕ್ಕ.

"ನಮ್ಮಿಬ್ಬರನ್ನೂ ಮೂರು ವಾರ ಹೊಡೆದಾಡಿಸಿದ್ದೀಯ!" ಎಂದರು ಮೇಷ್ಟ್ರು. ಮೊದಲ ಸಲ ಇಬ್ಬರೂ ಒಂದೇ ಪಕ್ಷದಲ್ಲಿದ್ದರು.

ಡಾಕ್ಟರಮ್ಮ ಕಾರಣ ಹೇಳಹೋದಳು. "ಬೈಗುಳ ಬೇಡ ಅಂತ ಮಾಡಿದ್ದು..." ಫೋನನ್ನು ಮೇಜಿನ ಮೇಲಿಟ್ಟಳು. "ಬೈಗುಳ ಮಾತ್ರ ಅಲ್ಲ. ನಂಗೆ ಯಾರು ಏನಂದ್ರೂ ಭಯ ಆಗ್ತಿತ್ತು. ತಪ್ಪಾಯ್ತು," ಎಂದಳು. ಇನ್ನೂ ಕಾಲು ಗಂಟೆ ಅವರಿಬ್ಬರೂ ಸರದಿಯಲ್ಲಿ ಬೈದರು. ಅವಳು ನಿಂತು ಪೂರ್ತಿ ಕೇಳಿಸಿಕೊಂಡಳು.

ಅಂದೇ ಪದಗಳ ಪಟ್ಟಿಯನ್ನು ಅಳಿಸಿ, ಆ ಎರಡು ಸಂದೇಶಗಳನ್ನು ಗುಂಪಿಗೆ ಹಾಕಿ, ಕೆಳಗೆ ತನ್ನ ತಪ್ಪನ್ನೂ ಬರೆದಳು. ಮಾತು ಮತ್ತೆ ಹರಿಯಿತು. ಕೆಲವರು ಕ್ಷಮೆ ಕೇಳಿದರು, ಕೆಲವರು ಅವಳನ್ನೇ ತರಾಟೆಗೆ ತೆಗೆದುಕೊಂಡರು. ಇನ್ನೊಬ್ಬರ ಮನೆಮಂದಿಯನ್ನು ಎಳೆದುತಂದ ಒಬ್ಬನಿಗೆ ಮಾತ್ರ ಅವಳೇ ಫೋನು ಮಾಡಿ, "ವಿಷಯಕ್ಕೆ ಬೈ ಅಣ್ಣಾ, ಅವರ ತಾಯಿಗೆ ಬೇಡ," ಎಂದಳು. ಅವನು ಗೊಣಗುತ್ತಲೇ ಅಳಿಸಿದ.

ಶನಿವಾರ ಮೇಷ್ಟ್ರೂ ನರ್ಸಕ್ಕನೂ ಅಳತೆಪಟ್ಟಿ ಹಿಡಿದು ಚರ್ಚಿನಲ್ಲಿ ಬೆಂಚಿನಿಂದ ಬೆಂಚಿಗೆ ಸಾಗಿದರು. ಪ್ರತಿ ಸಾಲಿನಲ್ಲೂ ಅರ್ಧಕ್ಕೆ ಮೆತ್ತೆ, ಅರ್ಧ ಬರಿ ಹಲಗೆ ಎಂದು ತೀರ್ಮಾನವಾಯಿತು. ಪಟ್ಟಿ ಎಷ್ಟಗಲ ಎಂಬುದಕ್ಕೆ ಇಬ್ಬರೂ ಎರಡು ಗಂಟೆ ಕಿತ್ತಾಡಿದರು. ಪಾಪನಿವೇದನೆ ಕೇಳುತ್ತಿದ್ದ ಫಾದರ್ ಹೊರಗೆ ಬಂದು, ಸ್ವಲ್ಪ ಮೆಲ್ಲಗೆ ಎಂದು ಕೈಮುಗಿಯಬೇಕಾಯಿತು.

ಆಮೇಲೆ ಬಣ್ಣದ ಪ್ರಶ್ನೆ. ಗುಂಪಿನಲ್ಲಿ ಮರೂನ್ ಎಂದರು ಮೇಷ್ಟ್ರೂ ಸೇರಿ ನೂರು ಜನ, ಬೂದು ಎಂದರು ನೂರು ಜನ. ಡಾಕ್ಟರಮ್ಮ ಸ್ವಲ್ಪ ಹೊತ್ತು ಯೋಚಿಸಿ, ಗುಂಪು ಶುರುವಾದಂದಿನಿಂದ ಮೊದಲ ಸಲ ತನ್ನ ಅಭಿಪ್ರಾಯ ಬರೆದಳು: 'ನೀಲಿ.'

ಅರ್ಧ ನಿಮಿಷದಲ್ಲಿ ಮೇಷ್ಟ್ರ ಉತ್ತರ ಬಂತು: 'ಅಡ್ಮಿನ್‌ಗೆ ಬಣ್ಣದ ಗಂಧಗಾಳಿಯೂ ಇಲ್ಲ.'

ಅವಳ ಬೆರಳು ತಾನಾಗಿ ಅಳಿಸುವ ಗುಂಡಿಯತ್ತ ಸರಿಯಿತು. ಗಂಡ ಪಕ್ಕದಿಂದ ಇಣುಕಿ, "ಅಳಿಸಿಬಿಡ್ತೀಯಾ?" ಎಂದ.

"ಸುಮ್ನಿರಿ," ಎಂದು ಅವಳು ಕನ್ನಡಕ ಏರಿಸಿಕೊಂಡಳು. 'ನೀಲಿಯಲ್ಲಿ ಕೊಳೆ ಕಾಣೋದಿಲ್ಲ ಮೇಷ್ಟ್ರೇ. ನಿಮ್ಮ ಮರೂನ್‌ಗೆ ಕಾರಣ ಏನಿದೆ, ಹೇಳಿ' ಎಂದು ಬರೆದು ಕಳಿಸಿದಳು. ಮೇಷ್ಟ್ರು ಏನೋ ಟೈಪು ಮಾಡುತ್ತಿದ್ದಾರೆಂದು ಪರದೆ ತೋರಿಸಿತು. ಬಹಳ ಹೊತ್ತು ತೋರಿಸುತ್ತಲೇ ಇತ್ತು. ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕಾದಳು.